ಕಾಕುವಿನ ಸಾಖರಪುಡಾ

ಕಾಗವಾಡದ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಗಾಡಿ ಇಡುವ ತಗಡಿನ ಶೆಡ್ಡೊಂದಿದೆ. ಅದರ ಒಳಗೋಡೆಗೆ ಒರಗಿ ನಿಂತಿದ್ದ ಹಳೆಯ ಮೊಪೆಡ್ಡೊಂದನ್ನು ಮೊನ್ನೆ ಹೊರಗೆ ತೆಗೆದರು. ಸೀಟಿಗೆ ಸುತ್ತಿದ್ದ ಕೌದಿಯ ತುಂಡು ಹಾಗೇ ಇತ್ತು. ಹ್ಯಾಂಡಲ್ಲಿನ ಸಂದಿಯಲ್ಲಿ ಜೇಡ ಮನೆ ಮಾಡಿತ್ತು. ಶೆಡ್ಡಿನ ಚಾಚಾ ಧೂಳು ಊದಿ, ಲುಂಗಿ ಎತ್ತಿ ಕಟ್ಟಿ, ಪೆಡಲ್ ತುಳಿದ. ಒಂದೆರಡು ಸಲ ಕೆಮ್ಮಿ ಚಾಲೂ ಆಯಿತು, ಆದಮೇಲೆ ನಿಲ್ಲಲಿಲ್ಲ. "ಮಾಲಕಿ ಹಂಗ ಐತಿ ನೋಡ್ರಿ," ಎಂದ ಚಾಚಾ, "ಒಮ್ಮೆ ಬಾಯಿ ತಗದಿತಂದ್ರ ಬಂದ್ ಆಗೂದಿಲ್ಲ." ನಾವು ಅಲ್ಲಿದ್ದವರೆಲ್ಲ ನಕ್ಕೆವು. ನಕ್ಕಾದ ಮೇಲೆ ಒಬ್ಬರು ಬಸ್ಸಿನ ಕಡೆ ನೋಡಿದರು, ಒಬ್ಬರು ಚಪ್ಪಲಿ ಕಡೆ.

ಆ ಮಾಲಕಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೇಲಿಂದಲೇ ಬೈದಾಳು. ಒಮ್ಮೆ ಗಣಪತಿ ಮಂಡಳಿಯವರು ಆಕೆಯ ಹೆಸರನ್ನು ಬೋರ್ಡಿನ ಮೇಲೆ ಬರೆಸಹೋದಾಗ, "ನಾ ಏನ್ ಇಲೆಕ್ಷನ್ ನಿಂತೇನೇನ್ರೋ?" ಎಂದು ಬಣ್ಣದ ಡಬ್ಬಿ ಕಸಿದುಕೊಂಡು ತನ್ನ ಆಡಿನ ಗೂಟಕ್ಕೆ ಬಳಿದವಳು. ಉಗಾರ ಖುರ್ದದ ನಮ್ಮ ಓಣಿಗೆಲ್ಲ ಆಕೆ ಕಾಕು, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಮರಾಠಿ ಮಾತಿನವರಿಗೂ ಕಾಕು, ಕನ್ನಡದವರಿಗೂ ಕಾಕು, ಆಕೆಗಿಂತ ವಯಸ್ಸಾದ ಚಾಚಾನಿಗೂ ಕಾಕು. ನದಿಯ ದಂಡೆಗೆ ಕಬ್ಬಿನ ಹೊಲ, ತುಂಬಿದ ಮನೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಕಾಲೇಜು ಓದುವ ಮೊಮ್ಮಗಳು. ಇಷ್ಟೆಲ್ಲ ಇದ್ದೂ ಕಾಕು ಮನೆಯಲ್ಲಿ ಕುಳಿತದ್ದನ್ನು ಕಂಡವರು ಕಡಿಮೆ. ಇಳಕಲ್ ಸೀರೆಯ ಕಚ್ಚೆ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊಪೆಡ್ ಏರಿದಳೆಂದರೆ ಓಣಿಯ ಕೋಳಿಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದವು. ಹಾರ್ನ್ ಕೆಟ್ಟು ಯಾವ ಕಾಲವಾಗಿತ್ತೋ, ಆಕೆಗೆ ಅದರ ಕೊರತೆ ಎಂದೂ ಬೀಳಲಿಲ್ಲ.

ನಾನು ಗಡಿಯಾಚೆ ಮಹಾರಾಷ್ಟ್ರದ ಮಿರಜದಲ್ಲಿ ಒಂದು ಚಶ್ಮಾ ಅಂಗಡಿಯಲ್ಲಿ ಕೆಲಸ ಮಾಡುವವನು. ಮೊದಲು ದಿನಾಲೂ ಮೋಟರ್ ಸೈಕಲ್ ಮೇಲೆಯೇ ಹೋಗಿ ಬರುತ್ತಿದ್ದೆ. ಕಬ್ಬಿನ ಹಂಗಾಮಿನಲ್ಲಿ ಆ ದಾರಿ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಟ್ರೇಲರಿನ ಮೇಲೆ ಗುಡ್ಡದಷ್ಟು ಕಬ್ಬು, ಡ್ರೈವರನ ತಲೆಯ ಮೇಲೆ ಎರಡು ಸ್ಪೀಕರು. ನೀವು ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ಅವನಿಗೆ ಅದು ಹಾಡಿನ ತಾಳ. ಅದನ್ನೆಲ್ಲ ದಾಟಿ ಮಿರಜ ಹೊಕ್ಕರೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಅಲ್ಲಿ ಒಂದು ಬೀದಿಗೆ ಎಷ್ಟು ಆಸ್ಪತ್ರೆಗಳೋ ದೇವರೇ ಬಲ್ಲ. ಪ್ರತಿ ಆಸ್ಪತ್ರೆಗೆ ನಾಲ್ಕು ಜಿಲ್ಲೆಯ ರೋಗಿಗಳು, ಪ್ರತಿ ರೋಗಿಯ ಹಿಂದೆ ಒಂದು ಜೀಪು ಮಂದಿ.

ಒಂದು ದಿನ ಅಂಗಡಿಯಿಂದ ಹೊರಬಂದು ನೋಡಿದರೆ ನನ್ನ ಗಾಡಿ ಪೊಲೀಸರ ಟೆಂಪೋ ಏರಿ ಹೊರಟಿತ್ತು. ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಅದೇ ಹೊತ್ತಿಗೆ ಕಾಗವಾಡದ ಬಸ್ಸು ಎದುರಿಗೆ ನಿಂತಿತು. ಡ್ರೈವರನ ಹಿಂದಿನ ಕಿಟಕಿಯಿಂದ ಕಾಕುವಿನ ತಲೆ ಹೊರಬಂತು. "ಏ ಚಶ್ಮಾದವನ, ಮಂದಿ ಗಾಡಿ ಮ್ಯಾಲ ಕುಂತ ಹೊಕ್ಕಾರ. ನಿನ್ನ ಗಾಡಿ ಮತ್ತೊಂದ ಗಾಡಿ ಮ್ಯಾಲ ಕುಂತ ಹೊಂಟೈತಿ, ನೀ ನಡಕೋತ ಹೊಂಟಿ. ಸಾವಕಾರ ಯಾರು, ಆಳು ಯಾರು?" ಇಡೀ ಬಸ್ಸು ನಕ್ಕಿತು. ಸಂಜೆ ನಾನು ದಂಡ ಕಟ್ಟಿ ಊರು ಮುಟ್ಟುವಷ್ಟರಲ್ಲಿ ಓಣಿಯ ಸಣ್ಣ ಮಕ್ಕಳಿಗೂ ಆ ಮಾತು ಬಾಯಿಪಾಠವಾಗಿತ್ತು.

ಮರುದಿನ ಬೆಳಿಗ್ಗೆ ಕಾಕು ನಮ್ಮ ಬಾಗಿಲಿಗೆ ಬಂದು ಮೊಪೆಡ್ ನಿಲ್ಲಿಸಿದಳು. ಹಿಂದಿನಿಂದ ಬಾ ಎಂದಷ್ಟೇ ಹೇಳಿ ಮುಂದೆ ನಡೆದಳು. ಕಾಗವಾಡ ಮುಟ್ಟಿ, ಚಾಚಾನ ಶೆಡ್ಡಿನಲ್ಲಿ ಗಾಡಿ ಬಿಡಿಸಿ, ಮಿರಜದ ಬಸ್ಸು ಹತ್ತಿಸಿದಳು. ಅಂದಿನಿಂದ ಇಂದಿನವರೆಗೆ ನನ್ನ ಗಾಡಿ ಗಡಿ ದಾಟಿಲ್ಲ.

ಚಾಚಾನ ಶೆಡ್ಡಿಗೆ ಒಂದು ಪದ್ಧತಿಯಿದೆ. ಯಾರೇ ಗಾಡಿ ತಂದರೂ ಆತ ಮೊದಲು ಕೇಳುವುದು, "ತಿರಗಿ ಯಾವಾಗ ಬರ್ತೀರಿ?" ಎಂದು. ಬೇಗ ಬರುವವರ ಗಾಡಿ ಬಾಗಿಲ ಬಳಿ, ಸಂಜೆಗೆ ಬರುವವರದು ನಡುವೆ, ಮುಕ್ಕಾಂ ಹೊಡೆದು ಬರುವವರದು ಒಳಗೋಡೆಗೆ. ಇಷ್ಟು ಹೇಳದವನ ಗಾಡಿಯನ್ನು ಆತ ಮುಟ್ಟುವುದಿಲ್ಲ. ಬಸ್ಸು ತಪ್ಪುತ್ತದೆಂದು ಯಾರಾದರೂ ಚಡಪಡಿಸಿದರೆ ಕಾಕು ಚಾಚಾನ ಪರವಾಗಿಯೇ ವಾದಿಸುತ್ತಿದ್ದಳು. ಬಿಡುವಾಗಲೇ ತೆಗೆಯುವುದರ ವಿಚಾರ ಮಾಡಬೇಕು ಎನ್ನುವುದು ಆಕೆಯ ಸಿದ್ಧಾಂತ. "ಗಾಡಿ ಎಲ್ಲಿ ಬಿಡಬೇಕನ್ನೂದು ಮನ್ಯಾಗ ಇದ್ದಾಗ ಠರಾಸಬೇಕೋ ತಮ್ಮಾ. ಪ್ಯಾಟಿ ಗದ್ದಲದಾಗ ಹೊಕ್ಕ ಮ್ಯಾಲ ಹುಡಕಾಕ ಹೋದ್ರ, ಸಿಕ್ಕಲ್ಲಿ ಬಿಟ್ಟ ಬರ್ತಿ." ಈ ಒಂದು ಮಾತನ್ನು ಆಕೆ ಹೆಣ್ಣು ನೋಡಲು ಹೋಗುವವರಿಗೂ ಹೇಳುತ್ತಿದ್ದಳು, ಉಪ್ಪಿನಕಾಯಿ ಹಾಕುವವರಿಗೂ ಹೇಳುತ್ತಿದ್ದಳು.

ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಆಕೆಯದು. ಬೇರೆ ಯಾರಾದರೂ ಕುಳಿತಿದ್ದರೆ ಏಳು ಎನ್ನುತ್ತಿರಲಿಲ್ಲ. ಎದುರಿಗೆ ನಿಂತು ಅವರ ಮನೆತನದ ಪೂರ್ವೋತ್ತರ ವಿಚಾರಿಸತೊಡಗುತ್ತಿದ್ದಳು. ಅವರು ತಾವಾಗಿಯೇ ಏಳುತ್ತಿದ್ದರು. ಕಾಗವಾಡ ಬಿಡುವಾಗ ಕನ್ನಡದಲ್ಲಿ ಶುರುವಾದ ಕಥೆ ಗಡಿ ದಾಟಿದ ಮೇಲೆ ಆಕೆಗೇ ತಿಳಿಯದಂತೆ ಮರಾಠಿಗೆ ಹೊರಳುತ್ತಿತ್ತು. ಬೈಗುಳ ಬಂದಾಗ ಮಾತ್ರ ತಿರುಗಿ ಕನ್ನಡಕ್ಕೆ ಬರುತ್ತಿತ್ತು.

ಈ ಬಸ್ಸಿನ ಪ್ರವಾಸ ಆಕೆಯ ಹಿರಿಯ ಮಗನಿಗೆ ಸೇರುತ್ತಿರಲಿಲ್ಲ. ಆತ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಮಾಲಕ. ಬಿಳಿಯ ಕಾರು, ಬಿಳಿಯ ಅಂಗಿ. ದೊಡ್ಡ ದನಿ. ತಾಯಿಯೆಂದರೆ ಜೀವ ಬಿಡುವವನು. ಕಾರು ಮನೆಮುಂದೆ ನಿಂತಿರುವಾಗ ಅವ್ವ ಬಸ್ಸಿನಲ್ಲಿ ಹೋದರೆ ಮಂದಿ ಏನು ಅಂದಾರು ಎಂಬುದು ಆತನ ಸಂಕಟ. ಒಂದು ಸಲ ಹಟ ಹಿಡಿದು ಕಾರಿನಲ್ಲಿ ಕರೆದುಕೊಂಡು ಹೋದ. ಕಾರು ಬಿಡಲು ಜಾಗ ಹುಡುಕುತ್ತ ಮಿರಜದ ಪ್ರದಕ್ಷಿಣೆ ಹಾಕಿದ್ದಾಯಿತು. ಕೊನೆಗೆ ಜಾಗ ಸಿಕ್ಕದ್ದು ಆಸ್ಪತ್ರೆಯಿಂದ ಅಷ್ಟು ದೂರದಲ್ಲಿ, ಅಲ್ಲಿಂದ ರಿಕ್ಷಾ ಮಾಡಬೇಕಾಯಿತು. ಅಷ್ಟರಲ್ಲಿ ಕಾಕುವಿನ ಪಾಳಿ ಮುಗಿದು ಡಾಕ್ಟರರು ಊಟಕ್ಕೆ ಎದ್ದಿದ್ದರು. ಮರುದಿನ ಕಾಕು ಬಸ್ಸಿನಲ್ಲಿ ಹೋಗಿ ತೋರಿಸಿಕೊಂಡು ಬಂದಳು. ಕಾರು ಹೇಗಿತ್ತು ಕಾಕು ಎಂದು ನಾನು ಕೇಳಿದರೆ, "ಛಂದ ಐತಿ. ಊರೆಲ್ಲಾ ತೋರಿಸ್ತೈತಿ, ದವಾಖಾನಿ ಒಂದ ಬಿಟ್ಟು," ಎಂದಳು.

ದವಾಖಾನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದದ್ದು ಎದೆಯ ಸಲುವಾಗಿ. ಎದೆಯ ಪಂಪು ಸವೆದಿದೆ ಎಂದು ಡಾಕ್ಟರರು ಹೇಳಿದ್ದರು. ಗುಳಿಗೆಯ ಮೇಲೆ ನಡೆಯುತ್ತಿತ್ತು. ಕಾಕು ಅದನ್ನು ಯಾರಿಗೂ ಮುಚ್ಚಿಡಲಿಲ್ಲ. ಸಕ್ಕರೆ ಕಾರಖಾನೆಯ ಹಳೆಯ ಬಾಯ್ಲರಿಗೆ ಹೋಲಿಸಿ ಹೇಳುತ್ತಿದ್ದಳು: ಉಗಿ ಏಳುತ್ತದೆ, ಆದರೆ ಸೀಟಿ ಹೊಡೆಯುವಷ್ಟು ಇಲ್ಲ.

ಆ ದಿನಗಳಲ್ಲೇ ಅಥಣಿ ಕಡೆಗಿದ್ದ ಆಕೆಯ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಬಿದ್ದು ತಲೆಗೆ ಪೆಟ್ಟಾಗಿ ಮಿರಜಕ್ಕೆ ಬಂದಳು. ಬಾಯಿಗೆ ಕೊಳವೆ, ಮೂಗಿಗೆ ಕೊಳವೆ, ಮಗ್ಗುಲಲ್ಲಿ ಉಸಿರಾಡಿಸುವ ಮಶಿನ್ನು. ಮುಂದೇನು ಎಂದು ಡಾಕ್ಟರರು ಕೇಳಿದಾಗ ಆಕೆಯ ಮಕ್ಕಳು ಒಬ್ಬರ ಮೇಲೊಬ್ಬರು ಹೇರಿದರು. ಅಣ್ಣ ತಮ್ಮನಿಗೆ ನೀ ಹೇಳು ಎಂದ, ತಮ್ಮ ಅಳಿಯನನ್ನು ಕೇಳೋಣ ಎಂದ, ಅಳಿಯ ಹೊರಗಿನವನು ನಾನೇನು ಹೇಳಲಿ ಎಂದ. ಹೀಗೆ ವಾರಗಟ್ಟಲೆ ನಡೆಯಿತು. ಆ ಮುದುಕಿ ಅಲ್ಲೇ ಹೋದಳು. ಕಾಕು ದಿನಾಲೂ ಗಾಜಿನ ಆಚೆಯಿಂದ ನೋಡಿ ಬರುತ್ತಿದ್ದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಮಾತಾಡುತ್ತಿರಲಿಲ್ಲ. ಕಂಡಕ್ಟರನೇ ಗಾಬರಿಯಾಗಿ, ಆರಾಮ ಇಲ್ಲೇನು ಎಂದು ಕೇಳಿದ.

ಒಂದು ಸಂಜೆ ಶೆಡ್ಡಿನಲ್ಲಿ ಮೊಪೆಡ್ ತೆಗೆಯುವಾಗ ನನಗೆ ಹೇಳಿದಳು: "ಆಕಿ ಬಾಯಿ ಇದ್ದಾಗ ಯಾರೂ ಕೇಳಲಿಲ್ಲ. ಬಾಯಾಗ ನಳಿಗಿ ಹೋದ ಮ್ಯಾಲ ಎಲ್ಲಾರೂ ಕೇಳಾಕತ್ತರು. ನಾ ಹಂಗ ಆಗಗೊಡಂಗಿಲ್ಲ."

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರರನ್ನು ಹಿಡಿದು ಕೂಡಿಸಿಕೊಂಡಳು. ನನ್ನನ್ನೂ ಅಂಗಡಿಯಿಂದ ಕರೆಸಿದ್ದಳು. ಎದೆ ಪೂರ್ತಿ ಸೋತರೆ ಏನು ಮಾಡುತ್ತೀರಿ, ಮಶಿನ್ ಹಚ್ಚಿದರೆ ಆಮೇಲೆ ಬಿಡಿಸಲು ಬರುತ್ತದೋ ಇಲ್ಲೋ, ಬಿಡಿಸಿದರೆ ಮೊಪೆಡ್ ಹೊಡೆಯಲು ಆಗುತ್ತದೋ ಇಲ್ಲೋ ಎಂದು ಕೇಳಿದಳು. ಡಾಕ್ಟರು ಸಣ್ಣ ವಯಸ್ಸಿನವರು, ನಕ್ಕು ಜಾರಿಕೊಳ್ಳಲು ನೋಡಿದರು. ಕಾಕು ಬಿಡಲಿಲ್ಲ. ಆಗ ಅವರು ಕುರ್ಚಿ ಎಳೆದುಕೊಂಡು ನಿಧಾನವಾಗಿ ಎಲ್ಲ ಹೇಳಿದರು. ಯಾವುದರಿಂದ ಗುಣವಾಗುತ್ತದೆ, ಯಾವುದರಿಂದ ದಿನ ಮಾತ್ರ ಮುಂದೆ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಿದರು. ಈಗಲೇ ಇದನ್ನೆಲ್ಲ ಬರೆದಿಡಲು ಕಾನೂನು ಇದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಮಾಡಿಸಿದರೆ ಸಾಕು. ತನಗೆ ಮಾತು ನಿಂತಾಗ ತನ್ನ ಪರವಾಗಿ ಯಾರು ಮಾತಾಡಬೇಕೆಂದು ಹೆಸರನ್ನೂ ಬರೆಯಬಹುದು ಎಂದರು. ಕಾಕು ಕೇಳಿ ಎದ್ದಳು. ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ಕಡೆ ಹೊರಳಿ, ಕಾಗದವೇನೋ ಸರಿ, ಕಾಗದವನ್ನು ಸಾಹೇಬರು ಮಾತ್ರ ಮನ್ನಿಸುತ್ತಾರೆ, ನಮ್ಮ ಮಂದಿ ಮನ್ನಿಸುವುದು ಸಕ್ಕರೆಯನ್ನು ಎಂದಳು. ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಮುಂದಿನ ಸೋಮವಾರ. ಮನೆಯಲ್ಲಿ ಸಾಖರಪುಡಾ ಇದೆ ಬರ್ರಿ ಎಂದು ಕಾಕು ಓಣಿಗೆಲ್ಲ, ಬಸ್ಸಿನ ಕಾಯಂ ಮಂದಿಗೆಲ್ಲ ಹೇಳಿ ಬಂದಿದ್ದಳು. ನಮ್ಮ ಕಡೆ ಸಾಖರಪುಡಾ ಎಂದರೆ ಲಗ್ನ ಗಟ್ಟಿಮಾಡುವುದು. ಎರಡೂ ಕಡೆಯವರು ಕುಳಿತು ಮಾತು ಮುಗಿಸಿ, ಬಾಯಿಗೆ ಸಕ್ಕರೆ ಹಾಕಿಕೊಂಡರೆ ತೀರಿತು; ಆಮೇಲೆ ಮಾತು ಮುರಿದವನಿಗೆ ಊರಿನಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ, ಸಾಲವನ್ನೂ ಕೊಡುವುದಿಲ್ಲ. ಯಾರದು ಕಾಕು ಎಂದು ಕೇಳಿದವರಿಗೆಲ್ಲ, ಬಂದರೆ ಗೊತ್ತಾಗುತ್ತದೆ ಎಂದಿದ್ದಳು.

ಮನೆಯಲ್ಲಿ ಲಗ್ನದ ವಯಸ್ಸಿಗೆ ಬಂದವಳು ಮೊಮ್ಮಗಳು ಒಬ್ಬಳೇ. ಹೆಂಗಸರು ಕುಬಸದ ಕಣ, ತೆಂಗಿನಕಾಯಿ ಹಿಡಿದು ಬಂದರು. ಮೊಮ್ಮಗಳು ತನ್ನನ್ನು ಕೇಳದೆ ಯಾರಿಗೆ ಕೊಟ್ಟಿರಿ ಎಂದು ಮಾಳಿಗೆ ಹತ್ತಿ ಕದ ಹಾಕಿಕೊಂಡಿದ್ದಳು. ಹಿರಿಯ ಮಗ, ತನ್ನ ಮಗಳ ಲಗ್ನ ತನಗೇ ಗೊತ್ತಿಲ್ಲವೆಂದು ಹೇಗೆ ಹೇಳುವುದೆಂದು ತಿಳಿಯದೆ, ಬಂದವರಿಗೆಲ್ಲ ನಗುನಗುತ್ತ ಎಲೆ ಅಡಿಕೆ ಕೊಡುತ್ತಿದ್ದ. ಎಲ್ಲರ ಕಣ್ಣೂ ಓಣಿಯ ತಿರುವಿನ ಮೇಲೆ.

ಕಡೆಗೂ ಒಂದು ಜೀಪು ಬಂತು. ಕರಿ ಕೋಟು ಹಾಕಿಕೊಂಡ, ನೆತ್ತಿ ಬೋಳಾದ, ಬಗಲಲ್ಲಿ ಚರ್ಮದ ಬ್ಯಾಗಿದ್ದ ಒಬ್ಬ ಗೃಹಸ್ಥರು ಇಳಿದರು. ಆಮೇಲೆ ಹೆಂಗಸರಲ್ಲಿ ಪಿಸುಮಾತು ಎದ್ದಿತು. ಹುಡುಗನಿಗೆ ಸ್ವಲ್ಪ ವಯಸ್ಸಾಗಿದೆ ಎಂದು ಒಬ್ಬಳು. ನೌಕರಿ ಚಲೋ ಇರಬೇಕು, ಇಲ್ಲದಿದ್ದರೆ ಕಾಕು ಒಪ್ಪುವವಳಲ್ಲ ಎಂದು ಇನ್ನೊಬ್ಬಳು. ಹಿಂದಿನ ಮನೆಯ ಮುದುಕಿಯೊಬ್ಬಳು ಯಾರನ್ನೂ ಕೇಳದೆ ಮುಂದೆ ಹೋಗಿ ಅವರ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ಆರತಿ ಎತ್ತಿಯೇ ಬಿಟ್ಟಳು. ಆ ಗೃಹಸ್ಥರು ಅಥಣಿಯ ನೋಟರಿ ವಕೀಲರು. ಮಾಳಿಗೆಯ ಕಿಟಕಿಯಿಂದ ಒಮ್ಮೆ ಇಣುಕಿ ನೋಡಿದ ಮೊಮ್ಮಗಳು ಹೋ ಎಂದು ಅಳತೊಡಗಿದಳು. ವಕೀಲರು ತೊಯ್ದ ಕಾಲಿನಿಂದಲೇ ಒಳಗೆ ಬಂದು, ಇಷ್ಟು ವರ್ಷ ನೋಟರಿ ಮಾಡಿದ್ದೇನೆ, ಇಷ್ಟು ಮರ್ಯಾದೆ ಯಾರೂ ಮಾಡಿರಲಿಲ್ಲ ಎಂದರು.

ಕಾಕು ಸಕ್ಕರೆಯ ತಾಟು ಹಿಡಿದು ಎದ್ದಳು. ಪಡಸಾಲೆಯಲ್ಲಿ ಕುಳಿತ ಒಬ್ಬೊಬ್ಬರ ಅಂಗೈಗೂ ಚಿಟಿಕೆ ಸಕ್ಕರೆ ಹಾಕಿದಳು. ರೂಢಿಯಂತೆ ನಾವೆಲ್ಲ ಬಾಯಿಗೆ ಹಾಕಿಕೊಂಡೆವು. ಮಾತಿಗೆ ಮೊದಲೇ ಸಕ್ಕರೆ ಹಂಚುತ್ತಿದ್ದಾಳಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಹಿರಿಯ ಮಗನ ಹತ್ತಿರ ಬಂದಾಗ ಆತ ಕೈ ಹಿಂದೆ ತೆಗೆದುಕೊಂಡ. "ನನಗ ಶುಗರ್ ಐತೆವ್ವಾ," ಎಂದ. ಅದು ಸುಳ್ಳಲ್ಲ, ಚಹಾ ಸಹ ಆತ ಸಪ್ಪಗೇ ಕುಡಿಯುವವನು. ಕಾಕು ಆತನನ್ನು ಒಂದು ಗಳಿಗೆ ನೋಡಿ ಮುಂದೆ ಹೋದಳು.

ಎಲ್ಲರ ಬಾಯಿಯಲ್ಲಿ ಸಕ್ಕರೆ ಕರಗಿದ ಮೇಲೆ ನಡುವೆ ನಿಂತು ಹೇಳಿದಳು.

"ಇದು ನನ್ನ ಸಾಖರಪುಡಾ. ವರ ಯಾರನ್ನೂದು ನಿಮಗೆಲ್ಲಾರಿಗೂ ಗೊತ್ತೈತಿ, ಕ್ವಾಣದ ಮ್ಯಾಲ ಬರಾಂವ. ಯಾವಾಗ ಬರ್ತಾನ ಅನ್ನೂದು ಆತನ ಕಡಿ. ಹೆಂಗ ಕಳಸಬೇಕನ್ನೂದು ನಿಮ್ಮ ಕಡಿ. ಆರಾಮ ಆಗೂ ಹಂಗ ಇದ್ರ ಸೂಜಿ ಚುಚ್ಚ್ರಿ, ಕೊಯ್ರಿ, ಹೊಲೀರಿ, ನಾ ಬ್ಯಾಡ ಅನ್ನಂಗಿಲ್ಲ. ಆಗೂದಿಲ್ಲಂತ ಡಾಕ್ಟರೇ ಅಂದ್ರ, ನನ್ನ ಮಶಿನ್ನಿಗೆ ಕಟ್ಟಿ ಹಾಕಬ್ಯಾಡ್ರಿ. ನೋವು ಆಗದಂಗ ಔಷಧ ಕೊಡಸ್ರಿ, ಮನೀಗೆ ಕರಕೊಂಡ ಬರ್ರಿ. ನನ್ನ ಬಾಯಿ ನಿಂತಾಗ ನನ್ನ ಮಾತು ಆಡಾಕಿ ನನ್ನ ಸಣ್ಣ ಸೊಸಿ."

ಕಿರಿಯ ಸೊಸೆ ಕೈಯಲ್ಲಿದ್ದ ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಆಕೆ ಮುಗಳಖೋಡದ ಕಡೆಯವಳು, ಮಾತು ಖಡಕ್. ಅತ್ತೆ ಸೊಸೆಯ ಜಗಳ ಓಣಿಗೆಲ್ಲ ಕೇಳುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಸಾರಿನ ಉಪ್ಪಿನ ವಿಷಯ. ಅಂಥವಳ ಕೈಗೆ ಕೊಟ್ಟಳಲ್ಲ ಎಂದು ನಾವು ಬೆರಗಾದೆವು. ಕಾಕುವೇ ಬಿಡಿಸಿ ಹೇಳಿದಳು: "ನನ್ನ ಮಕ್ಕಳು ನಾ ಅಂದದ್ದಕ್ಕೆಲ್ಲಾ ಹೂಂ ಅಂತಾರ, ಆಮ್ಯಾಲ ತಮಗ ಬೇಕಾದ್ದು ಮಾಡ್ತಾರ. ಈಕಿ ಉಪ್ಪು ಹೆಚ್ಚಾಗೈತಿ ಅಂತ ಮಾರಿ ಮ್ಯಾಲ ಅಂದಾಕಿ. ಡಾಕ್ಟರಗೂ ಅಂತಾಳ."

ವಕೀಲರು ಕಾಗದ ಓದಿದರು. ಕಾಕುವಿನ ಬಸ್ಸಿನ ಗೆಳತಿಯೊಬ್ಬಳು ಮತ್ತು ನಾನು ಸಾಕ್ಷಿ ಹಾಕಿದೆವು. ಸುದ್ದಿ ಕೇಳಿ ಮೊಮ್ಮಗಳು ಮಾಳಿಗೆಯಿಂದ ಇಳಿದು ಬಂದು ಅಜ್ಜಿಯನ್ನು ತಬ್ಬಿ ನಕ್ಕಳು, ನಕ್ಕವಳು ಮತ್ತೆ ಅತ್ತಳು. ಹಿರಿಯ ಮಗ ಮಾತ್ರ ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕುಳಿತುಬಿಟ್ಟಿದ್ದ. ಹಿರಿಯವನು ತಾನಿರುವಾಗ ತನ್ನನ್ನು ದಾಟಿ ಹೋದದ್ದು ಆತನ ಎದೆಗೆ ನಾಟಿತ್ತು.

ಅದಾದ ಮೇಲೂ ಕಾಕು ಒಂದು ಹಂಗಾಮು ಪೂರ್ತಿ ಬಸ್ಸಿನಲ್ಲಿ ಓಡಾಡಿದಳು. ನಡೆದರೆ ಮಾತ್ರ ದಮ್ಮು ಹತ್ತುತ್ತಿತ್ತು. ಮಳೆ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ನಾವಿಬ್ಬರೂ ಕಾಗವಾಡ ಮುಟ್ಟಿದಾಗ ಆಕೆಯ ಕಾಲು ಬಾತಿದ್ದವು. ಚಾಚಾ ಎಂದಿನಂತೆ ಕೇಳಿದ, ತಿರುಗಿ ಯಾವಾಗ ಬರುತ್ತೀರಿ ಎಂದು. ಕಾಕು ಮೊಪೆಡ್ಡಿನ ಸೀಟನ್ನು ಎರಡು ಸಲ ತಟ್ಟಿದಳು.

"ಈ ಸಲ ಗ್ವಾಡಿಗೆ ಹಚ್ಚಿ ಇಡೋ ಚಾಚಾ," ಎಂದಳು.

ಚಾಚಾ ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದ. ಬಸ್ಸಿನಲ್ಲಿ ಕಾಕು ಕಿಟಕಿಗೆ ತಲೆ ಆನಿಸಿ ಕುಳಿತಿದ್ದಳು. ಡ್ರೈವರನಿಗೆ ಮಾತ್ರ, ಹೊಂಡ ನೋಡಿ ಹೊಡೆ, ನನ್ನ ಬಾಯ್ಲರ್ ಹಳೆಯದು ಎಂದು ಹೇಳಿದಳು.

ಡಾಕ್ಟರು ನೋಡಿದ ಕೂಡಲೇ ಒಳಗೆ ಮಲಗಿಸಿದರು. ಸೂಜಿ, ಗುಳಿಗೆ, ಮುಖಕ್ಕೆ ಗಾಳಿಯ ಮಾಸ್ಕು, ಎಲ್ಲ ಆಯಿತು. ಕಾಕು ಬೇಡ ಎನ್ನಲಿಲ್ಲ. ಮೊದಲು ಚೇತರಿಸಿಕೊಂಡಂತೆ ಕಂಡಳು, ನರ್ಸುಗಳ ಮನೆತನ ವಿಚಾರಿಸಿದಳು. ಆಮೇಲೆ ಮೂತ್ರಪಿಂಡ ಸೋತಿತು, ಮಂಪರು ಹತ್ತಿತು, ಮಾತು ನಿಂತಿತು. ಒಂದು ಮಧ್ಯಾಹ್ನ ಡಾಕ್ಟರರು ಮನೆಯವರನ್ನು ಕರೆದರು. ಇನ್ನು ಉಳಿದದ್ದು ಗಂಟಲಿಗೆ ಕೊಳವೆ ಇಳಿಸಿ ಮಶಿನ್ ಹಚ್ಚುವುದೊಂದೇ. ಹಚ್ಚಿದರೆ ಬಿಡಿಸಲು ಬರುತ್ತದೆಂಬ ಭರವಸೆ ತಮಗಿಲ್ಲ ಎಂದರು. ಕಾಗದ ಅವರ ಕೈಯಲ್ಲೇ ಇತ್ತು. ಡಾಕ್ಟರರ ಒಂದು ತಂಡ ನೋಡಿ, ಇನ್ನೊಂದು ತಂಡ ಅದನ್ನೇ ಮತ್ತೆ ನೋಡಿ, ಎರಡೂ ತಂಡಗಳ ಮಾತು ಒಂದೇ ಆಗಿತ್ತು. ಈಗ ಅವರು ಕೇಳುತ್ತಿದ್ದದ್ದು ಕಿರಿಯ ಸೊಸೆಯನ್ನು.

ಸುದ್ದಿ ತಿಳಿದು ನಾನು ಅಂಗಡಿಯಿಂದ ಓಡಿಹೋದಾಗ ಹಿರಿಯ ಮಗನ ದನಿ ಜಿನೆಯ ಮೆಟ್ಟಿಲುಗಳ ಕೆಳಗೇ ಕೇಳುತ್ತಿತ್ತು. ಮಶಿನ್ ಹಚ್ಚಿರಿ, ಟ್ರ್ಯಾಕ್ಟರ್ ಮಾರಿ ಕೊಡುತ್ತೇನೆ ಎನ್ನುತ್ತಿದ್ದ. ಸಾಖರಪುಡಾದ ಮಾತನ್ನು ತಮ್ಮ ನೆನಪಿಸಿದ. "ನೀವೆಲ್ಲಾ ತಿಂದೀರಿ," ಎಂದ ಹಿರಿಯವನು, "ನಾ ಸಕ್ಕರಿ ತಿಂದಿಲ್ಲ. ನಾ ಮಾತ ಕೊಟ್ಟಿಲ್ಲ."

ಮರಾಠಿ ಡಾಕ್ಟರರು, ಸಕ್ಕರೆಯ ಮಾತು ಇಲ್ಲಿ ಯಾಕೆ ಬಂತೆಂದು ತಿಳಿಯದೆ, ಪೇಶಂಟಿಗೆ ಶುಗರ್ ಇದೆಯೇ ಎಂದು ನರ್ಸಿಗೆ ಕೇಳಿದರು. ಕಿರಿಯ ಸೊಸೆ ತಲೆಯ ಮೇಲೆ ಸೆರಗು ಹೊದ್ದು ಗೋಡೆಯ ಕಡೆ ನಿಂತಿದ್ದಳು. ಆ ಮನೆಯಲ್ಲಿ ಭಾವನ ಮುಂದೆ ತಮ್ಮನ ಹೆಂಡತಿ ಬಾಯಿ ತೆಗೆಯುವ ರೂಢಿಯಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರಿಬ್ಬರು ಎದುರೆದುರು ಒಂದು ಮಾತು ಆಡಿದವರಲ್ಲ. ಆಕೆ ನನ್ನ ಕಡೆ ಮುಖ ಮಾಡಿ, ಆತನಿಗೆ ಕೇಳುವಷ್ಟೇ ದನಿಯಲ್ಲಿ ಹೇಳಿದಳು: "ಅತ್ತಿ ಹೇಳಿದ್ದು ನನಗ ನೆನಪೈತ್ರಿ. ಆದ್ರ ಭಾವಾರು ಅತ್ತಿ ಹಿರೇ ಮಗಾ. ಅವರ ಮನಸ್ಸು ಮುರದ ಅತ್ತೀನ ಮನೀಗೆ ಒಯ್ದ್ರ, ಅತ್ತಿಗೆ ಆ ಮನ್ಯಾಗ ಶಾಂತಿ ಇರತೈತೇನ್ರಿ?"

ಡಾಕ್ಟರು, ತಡ ಮಾಡುವ ಹಾಗಿಲ್ಲ, ಸಂಜೆಯೊಳಗೆ ಹೇಳಿರಿ ಎಂದು ಹೋದರು.

ನಾನು ಹಿರಿಯ ಮಗನನ್ನು ಎದುರಿನ ಚಹಾದಂಗಡಿಗೆ ಕರೆದುಕೊಂಡು ಹೋದೆ. ಉಪದೇಶ ಮಾಡುವ ಯೋಗ್ಯತೆ ನನಗಿರಲಿಲ್ಲ. ಆತ ಬೆಂಚಿನ ಮೇಲೆ ಕುಳಿತು, ರಸ್ತೆಯಲ್ಲಿ ಜಾಗ ಸಿಗದೆ ತಿರುತಿರುಗಿ ಬರುತ್ತಿದ್ದ ಒಂದು ಕಾರನ್ನೇ ನೋಡುತ್ತಿದ್ದ. ಅದು ಮೂರನೆಯ ಸಲ ನಮ್ಮ ಮುಂದೆ ಹಾದು ಹೋಯಿತು. ಒಳಗೆ ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು.

"ಅವ್ವನ್ನ ಅವತ್ತ ಭಾಳ ತಿರಗಿಸಿದ್ನೆಪಾ ನಾ," ಎಂದ. ಕಾರು ಹೋದ ತಿರುವನ್ನೇ ನೋಡುತ್ತ, "ಆಕೀ ಸಲುವಾಗಿ ತಿರಗಿಸಿದ್ನೋ, ನನ್ನ ಕಾರಿನ ಸಲುವಾಗಿ ತಿರಗಿಸಿದ್ನೋ, ಈಗ ಹೇಳಾಕ ಬರವಲ್ದು," ಎಂದ.

ಚಹಾದವನು ಆತನ ಸಪ್ಪನೆಯ ಚಹಾ ತಂದಿಟ್ಟ. ಹಿರಿಯ ಮಗ ಅದನ್ನು ಮುಟ್ಟಲಿಲ್ಲ. ಎದ್ದು ಹೋಗಿ ಸಕ್ಕರೆಯ ಡಬ್ಬಿಯ ಮುಂದೆ ಅಂಗೈ ಚಾಚಿದ. ವಾರದಿಂದ ಆತನನ್ನು ನೋಡುತ್ತಿದ್ದ ಚಹಾದವನು ತಬ್ಬಿಬ್ಬಾಗಿ, "ಸಾವಕಾರ, ತುಮ್ಹಾಲಾ ಶುಗರ್ ಆಹೇ ನಾ?" ಎಂದು ಮರಾಠಿಯಲ್ಲಿ ಆತನ ಶುಗರ್ ನೆನಪಿಸಿದ. ಆತ ಕೈ ಹಿಂದೆ ತೆಗೆಯಲಿಲ್ಲ. ಚಹಾದವನು ಅರ್ಧ ಚಮಚ ಹಾಕಿದ. ಆತ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಕರಗುವವರೆಗೆ ಅಲ್ಲೇ ನಿಂತ.

ಆಮೇಲೆ ಜಿನೆ ಏರಿ ನೇರವಾಗಿ ತಮ್ಮನ ಹೆಂಡತಿಯ ಮುಂದೆ ಹೋಗಿ ನಿಂತ. ಆಕೆ ಸೆರಗು ಮುಂದಕ್ಕೆಳೆದುಕೊಂಡಳು. ಆತನ ಮೀಸೆಯ ತುದಿಗೆ ಇನ್ನೂ ಎರಡು ಹರಳು ಅಂಟಿದ್ದವು.

"ತಂಗಿ," ಎಂದ. ದೊಡ್ಡ ದನಿಯೆಲ್ಲ ಎಲ್ಲಿ ಹೋಗಿತ್ತೋ. "ಅವ್ವ ನಿನಗ ಹೇಳ್ಯಾಳ. ಈಗ ನೀ ಹೇಳು."

ಆಕೆ ಹೇಳಿದಳು. ಡಾಕ್ಟರರ ಮುಂದೆ, ಒಂದಕ್ಷರ ತಪ್ಪದಂತೆ, ಅತ್ತೆಯದೇ ಮಾತಿನಲ್ಲಿ.

ಕಾಕುವನ್ನು ಆಂಬುಲೆನ್ಸಿನಲ್ಲಿ ಮನೆಗೆ ತಂದರು. ನೋವಿಗೂ ದಮ್ಮಿಗೂ ಔಷಧ ಬರೆದುಕೊಟ್ಟಿದ್ದರು, ಹೇಗೆ ಕೊಡಬೇಕೆಂದು ಸೊಸೆಗೆ ಕಲಿಸಿದ್ದರು. ಪಡಸಾಲೆಯಲ್ಲಿ ಮಂಚ ಹಾಕಿದರು. ಓಣಿಯವರು ಬಂದು ಹೋಗುವುದು, ಆಡು ಬಾಗಿಲಲ್ಲಿ ಇಣುಕುವುದು, ಮೊಮ್ಮಗಳು ಪಕ್ಕದಲ್ಲಿ ಕುಳಿತು ಓದುವುದು, ಎಲ್ಲ ಆಕೆಗೆ ಕೇಳುತ್ತಿತ್ತೋ ಏನೋ. ಒಂದು ಬೆಳಿಗ್ಗೆ ಮಂಪರು ತಿಳಿಯಾಗಿ ಕಣ್ಣು ಬಿಟ್ಟಳು. ಕಿರಿಯ ಸೊಸೆ ಚಮಚದಲ್ಲಿ ಗಂಜಿಯ ತಿಳಿಯನ್ನು ತುಟಿಗೆ ಹಚ್ಚಿದಳು. ಕಾಕು ನಾಲಿಗೆಯಿಂದ ನೋಡಿದಳು. ಏನೋ ಅಂದಳು. ಸೊಸೆ ಬಗ್ಗಿ ಕಿವಿಗೊಟ್ಟಳು.

"ಉಪ್ಪು ಕಡಿಮಿ."

"ಡಾಕ್ಟರ ಕಡಿಮಿ ಹಾಕ ಅಂದಾರ್ರಿ ಅತ್ತಿ," ಎಂದಳು ಸೊಸೆ ಖಡಕ್ಕಾಗಿ, ಕಣ್ಣು ಒರೆಸಿಕೊಳ್ಳದೆ. ಅತ್ತೆ ಸೊಸೆಯ ಕೊನೆಯ ಜಗಳ ಅದು. ಸೋತವರು ಯಾರೆಂದು ಓಣಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕಾಕು ಮರುದಿನ ಹೋದಳು. ಹೊರಗೆ ಮಳೆಗಾಲದ ಮೊದಲ ಗಾಳಿ ಎದ್ದಿತ್ತು, ಕಬ್ಬಿನ ಗರಿ ಸದ್ದು ಮಾಡುತ್ತಿತ್ತು.

ಮೊನ್ನೆ ಶೆಡ್ಡಿನಿಂದ ಮೊಪೆಡ್ ತೆಗೆಸಿದ್ದು ಮೊಮ್ಮಗಳಿಗಾಗಿ. ಆಕೆ ಅದನ್ನು ಹೊಡೆದುಕೊಂಡು ಊರ ಕಡೆ ಹೋದಳು, ಹಾರ್ನ್ ರಿಪೇರಿ ಮಾಡಿಸುವುದಿಲ್ಲವಂತೆ. ಅದು ನಿಂತಿದ್ದ ಜಾಗ ಖಾಲಿಯಾಯಿತು. ಹಿರಿಯ ಮಗ ತನ್ನ ಬಿಳಿಯ ಕಾರನ್ನು ಶೆಡ್ಡಿನ ಅಂಗಳಕ್ಕೆ ತಂದು ನಿಲ್ಲಿಸಿದ. ತಿಂಗಳಿಗೊಮ್ಮೆ ಶುಗರ್ ತೋರಿಸಲು ಈಗ ಆತನೂ ನಮ್ಮ ಬಸ್ಸಿನವನೇ. ತಿರುಗಿ ಯಾವಾಗ ಬರುತ್ತೀರಿ ಎಂದು ಚಾಚಾ ಕೇಳಿದ. ಸಂಜೆಗೆ ಎಂದು ಹೇಳಿ ಬಸ್ಸು ಹತ್ತಿದ. ಡ್ರೈವರನ ಹಿಂದಿನ ಸೀಟು ಖಾಲಿಯೇ ಇತ್ತು. ಆತ ಅಲ್ಲಿ ಕುಳಿತುಕೊಳ್ಳದೆ ಅದರ ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತ.

ಬಸ್ಸು ಗಡಿ ದಾಟಿತು. ಆಮೇಲೆ ಅಥಣಿಯ ಆ ವಕೀಲರು ಇನ್ನೂ ಮನೆಗೆ ಬರುತ್ತಾರೇನು ಎಂದು ಕೇಳಿದ. ಯಾಕೆ ಅಣ್ಣಾ ಎಂದೆ.

"ನಂದೂ ಒಂದು ಸಾಖರಪುಡಾ ಮಾಡಬೇಕಂತ ಮಾಡೇನಿ," ಎಂದ. "ಆದ್ರ ನಾ ಸಕ್ಕರಿ ಬದಲಿ ಪುಟಾಣಿ ಹಂಚಾಂವ. ನನಗ ಶುಗರ್ ಐತಿ ಅಂತ ಯಾರೂ ಕೈ ಹಿಂದ ತಗೀಬಾರದು."